ಟ್ರೇಲರ್ ಓಲಾಡುವುದು ಏಕೆ? ದೂರದ ಪ್ರಯಾಣಕ್ಕೆ ಮುನ್ನ ಮಾಡಬೇಕಾದ ತೂಕದ ಲೆಕ್ಕ

ಕಾರಿನ ಹಿಂದೆ ಟ್ರೇಲರ್ ಕಟ್ಟಿಕೊಂಡು ಹೊರಟಾಗ ಮೊದಲ ಹತ್ತು ಕಿಲೋಮೀಟರ್ ಸಲೀಸಾಗಿಯೇ ಸಾಗುತ್ತದೆ. ಗಂಟೆಗೆ 50-60 ಕಿ.ಮೀ. ವೇಗದಲ್ಲಿ ಹಿಂದೆ ಏನೋ ಬರುತ್ತಿದೆ ಎಂಬುದೇ ಮರೆತುಹೋಗಬಹುದು. ಹೆದ್ದಾರಿ ಸೇರಿ ಮುಳ್ಳು 90 ದಾಟಿ, ಪಕ್ಕದಲ್ಲೊಂದು ದೊಡ್ಡ ಲಾರಿ ಹಾದುಹೋದಾಗ ಟ್ರೇಲರ್ ಒಮ್ಮೆ ಎಡಕ್ಕೆ ಜರುಗುತ್ತದೆ, ಮತ್ತೆ ಬಲಕ್ಕೆ. ಮೂರನೆಯ ಸಲಕ್ಕೆ ಅದು ಕಾರಿನ ಹಿಂಭಾಗವನ್ನೇ ಹಿಡಿದು ಜಗ್ಗುತ್ತದೆ. ಆ ಹೊತ್ತಿಗೆ ಚಾಲಕನ ಕೈಯಲ್ಲಿ ಉಳಿದಿರುವುದು ತೀರಾ ಕಡಿಮೆ. ಈ ಓಲಾಟ ಬರುತ್ತದೋ ಇಲ್ಲವೋ ಎಂಬುದು ಬಹುಮಟ್ಟಿಗೆ ಹಿಂದಿನ ದಿನ ಸಾಮಾನು ತುಂಬುವಾಗಲೇ ತೀರ್ಮಾನವಾಗಿರುತ್ತದೆ. ಆದ್ದರಿಂದ ಸ್ಟೀರಿಂಗಿಗಿಂತ ಮೊದಲು ತೂಕದ ವಿಚಾರ.

ಭಾರ ಎಲ್ಲಿ ಕೂತಿದೆ?

ಟ್ರೇಲರಿನಿಂದ ಮುಂದಕ್ಕೆ ಚಾಚಿಕೊಂಡು ಹಿಚ್ ಬಾಲಿನ (ಕಾರಿನ ಹಿಂದಿನ ಕೊಂಡಿಯಲ್ಲಿರುವ ಉಕ್ಕಿನ ಗುಂಡು) ಮೇಲೆ ಕೂರುವ ಉಕ್ಕಿನ ತೊಲೆಯನ್ನು ಗಾಡಿಯ ಮಾತಿನಲ್ಲೇ ಮೂಕಿ ಎನ್ನೋಣ. ಎತ್ತಿನ ಗಾಡಿಗೆ ಹೇರು ಹೇರಿ ಗೊತ್ತಿದ್ದವರಿಗೆ ಇಲ್ಲಿನ ಮೂಲ ಸೂತ್ರ ಹೊಸದಲ್ಲ. ಹಿಂಭಾರವಾದರೆ ಮೂಕಿ ಮೇಲೇಳುತ್ತದೆ, ಮುಂಭಾರ ಅತಿಯಾದರೆ ಎತ್ತಿನ ಹೆಗಲು ಕುಸಿಯುತ್ತದೆ. ಟ್ರೇಲರಿನಲ್ಲೂ ಆಗುವುದು ಇದೇ. ವೇಗ ಮಾತ್ರ ಹತ್ತಿಪ್ಪತ್ತು ಪಟ್ಟು ಹೆಚ್ಚು.

ಟ್ರೇಲರ್ ಹಿಚ್ ಬಾಲಿಗೆ ತಗುಲಿಕೊಂಡು ಎಡಬಲ ತಿರುಗಬಲ್ಲ ವಸ್ತು. ಗಾಳಿಯೋ ಗುಂಡಿಯೋ ಅದನ್ನು ಪಕ್ಕಕ್ಕೆ ತಳ್ಳಿದಾಗ ಅದರ ಟೈರುಗಳು ಅದನ್ನು ನೇರಕ್ಕೆ ತರಲು ನೋಡುತ್ತವೆ. ನೇರಕ್ಕೆ ಬಂದ ಟ್ರೇಲರ್ ಅಲ್ಲೇ ನಿಲ್ಲದೆ ತುಸು ಆಚೆಗೂ ಹೋಗಿ ಮತ್ತೆ ಹಿಂದಿರುಗುತ್ತದೆ. ಕಡಿಮೆ ವೇಗದಲ್ಲಿ ಪ್ರತಿ ಓಲಾಟ ಹಿಂದಿನದಕ್ಕಿಂತ ಚಿಕ್ಕದಾಗಿ, ಎರಡು ಮೂರು ಸುತ್ತಿನಲ್ಲಿ ಅಡಗುತ್ತದೆ. ವೇಗ ಏರಿದಂತೆ ಅಡಗಿಸುವ ಈ ಶಕ್ತಿ ಕುಗ್ಗುತ್ತಾ ಹೋಗುತ್ತದೆ. ಪ್ರತಿಯೊಂದು ಕಾರು-ಟ್ರೇಲರ್ ಜೋಡಿಗೂ ಒಂದು ಗಡಿ ವೇಗ ಇರುತ್ತದೆ. ಅದನ್ನು ದಾಟಿದ ಮೇಲೆ ಪ್ರತಿ ಓಲಾಟವೂ ಹಿಂದಿನದಕ್ಕಿಂತ ದೊಡ್ಡದಾಗುತ್ತದೆ. ಸರಿಯಾಗಿ ತುಂಬಿದ ಟ್ರೇಲರಿನಲ್ಲಿ ಈ ಗಡಿ ನಾವು ಓಡಿಸುವ ವೇಗಕ್ಕಿಂತ ಎಷ್ಟೋ ಮೇಲಿರುತ್ತದೆ. ಹಿಂಭಾರವಾದ ಟ್ರೇಲರಿನಲ್ಲಿ ಅದು ಹೆದ್ದಾರಿಯ ಸಾಮಾನ್ಯ ವೇಗಕ್ಕಿಂತ ಕೆಳಗೆ ಇಳಿದುಬಿಡಬಹುದು. ಅದೇ ಟ್ರೇಲರ್, ಅದೇ ಸಾಮಾನು. ಜೋಡಿಸಿದ ಜಾಗ ಮಾತ್ರ ಬೇರೆ.

ಬಾಲ್ ಹಿಚ್ಚಿನ ಟ್ರೇಲರಿನಲ್ಲಿ ಒಟ್ಟು ತೂಕದ ಶೇ. 10ರಿಂದ 15ರಷ್ಟು ಮೂಕಿಯ ಮೂಲಕ ಕಾರಿನ ಮೇಲೆ ಕೂರಬೇಕು ಎಂಬುದು ಅಮೆರಿಕದ ರೂಢಿ. ಯೂರೋಪಿನ ಹಗುರ ಕಾರವಾನ್‌ಗಳಲ್ಲಿ ಶೇ. 5ರಿಂದ 7 ಸಾಮಾನ್ಯ. ಅಲ್ಲಿ ಹಿಚ್ಚಿನ ಮಿತಿಯೇ ಅನೇಕ ಕಾರುಗಳಲ್ಲಿ 75 ಅಥವಾ 100 ಕೆ.ಜಿ. ಇರುತ್ತದೆ. ಶೇಕಡಾವಾರು ಲೆಕ್ಕ ಏನೇ ಹೇಳಲಿ, ಹಿಚ್ಚಿನ ತಗಡಿನ ಮೇಲೆ ಅಚ್ಚಾಗಿರುವ ಮಿತಿಯನ್ನು ದಾಟುವಂತಿಲ್ಲ.

ತುಂಬುವಾಗ ಭಾರದ ವಸ್ತುಗಳೆಲ್ಲ ನೆಲಕ್ಕೆ ಹತ್ತಿರವಾಗಿ, ಅಚ್ಚಿನ ಮೇಲೆ ಅಥವಾ ಅದಕ್ಕಿಂತ ತುಸು ಮುಂದೆ ಬರಲಿ. ಸುಮಾರು 60 ಪಾಲು ಅಚ್ಚಿನ ಮುಂದೆ, 40 ಪಾಲು ಹಿಂದೆ ಎಂಬುದು ಶುರುಮಾಡಲು ಒಳ್ಳೆಯ ಅಂದಾಜು. ಇಲ್ಲಿ ಬಹಳ ಜನ ಎಡವುವ ಒಂದು ಜಾಗವಿದೆ. ಹಿಂದಿನ ತುದಿಯಲ್ಲಿ 100 ಕೆ.ಜಿ. ಇಟ್ಟು, ಅದನ್ನು ಸರಿದೂಗಿಸಲೆಂದು ಮುಂದಿನ ತುದಿಯಲ್ಲೂ ಭಾರ ಇಡುತ್ತಾರೆ. ಮೂಕಿಯ ಭಾರ ಅಳೆದರೆ ಲೆಕ್ಕ ಸರಿಯಾಗೇ ಬರುತ್ತದೆ, ಆದರೂ ಟ್ರೇಲರ್ ಓಲಾಡುತ್ತದೆ. ಉದ್ದನೆಯ ಕೋಲಿನ ಎರಡೂ ತುದಿಗೆ ಕಲ್ಲು ಕಟ್ಟಿ, ನಡುವೆ ಹಿಡಿದು ತಿರುಗಿಸಿ ನೋಡಿ. ಒಮ್ಮೆ ತಿರುಗಲು ಶುರುವಾದರೆ ನಿಲ್ಲಿಸುವುದು ಕಷ್ಟ. ಅದೇ ಕಲ್ಲುಗಳು ಕೈಯ ಹತ್ತಿರವಿದ್ದರೆ ಸುಲಭ. ಹಿಂದಿನ ಬಂಪರಿಗೆ ನೇತುಹಾಕಿದ ಸೈಕಲ್ ಸ್ಟ್ಯಾಂಡ್, ಅಲ್ಲೇ ಸಿಕ್ಕಿಸಿದ ಸ್ಟೆಪ್ನಿ, ಹಿಂತುದಿಯ ನೀರಿನ ಟ್ಯಾಂಕು ಇವೆಲ್ಲ ಆ ತುದಿಯ ಕಲ್ಲುಗಳೇ. ಒಂದು ಲೀಟರ್ ನೀರೆಂದರೆ ಒಂದು ಕಿಲೋ. 120 ಲೀಟರಿನ ಟ್ಯಾಂಕು ಅಚ್ಚಿನ ಹಿಂದಿದ್ದರೆ ಅದನ್ನು ಖಾಲಿ ಮಾಡಿಯೇ ಹೊರಡುವುದು ಲೇಸು. ಬಳಸಿದ ನೀರು ಸೇರುವ ಟ್ಯಾಂಕನ್ನು ಮರೆಯಬೇಡಿ. ಹೋಗುವಾಗ ಖಾಲಿಯಿದ್ದದ್ದು ಬರುವಾಗ ತುಂಬಿರುತ್ತದೆ, ಬೆಳಗ್ಗೆ ನೆಟ್ಟಗಿದ್ದ ಟ್ರೇಲರ್ ಸಂಜೆ ಹಿಂಭಾರವಾಗಿರುತ್ತದೆ.

ಅಳೆಯುವುದು ಹೇಗೆ?

ಕಣ್ಣಳತೆ ಇಲ್ಲಿ ನಂಬಿಕೆಗೆ ಅರ್ಹವಲ್ಲ. ಅತ್ಯುತ್ತಮ ದಾರಿ ವೇ ಬ್ರಿಡ್ಜ್. ಮೊದಲು ಕಾರನ್ನಷ್ಟೇ ತೂಗಿ. ಆಮೇಲೆ ಟ್ರೇಲರ್ ಜೋಡಿಸಿ, ಕಾರಿನ ಚಕ್ರಗಳು ಮಾತ್ರ ಹಲಗೆಯ ಮೇಲಿರುವಂತೆ ನಿಲ್ಲಿಸಿ ತೂಗಿ. ಕೊನೆಗೆ ಜೋಡಿಸಿಕೊಂಡೇ ಟ್ರೇಲರಿನ ಚಕ್ರಗಳನ್ನು ಮಾತ್ರ ತೂಗಿ. ಕಾರು ಒಂಟಿಯಾಗಿ 2100 ಕೆ.ಜಿ., ಜೋಡಿಸಿದಾಗ 2260 ಕೆ.ಜಿ. ಬಂತು ಎಂದುಕೊಳ್ಳಿ. ವ್ಯತ್ಯಾಸದ 160 ಕೆ.ಜಿ.ಯೇ ಮೂಕಿಯ ಭಾರ. ಟ್ರೇಲರಿನ ಚಕ್ರಗಳ ಮೇಲೆ 1240 ಕೆ.ಜಿ. ಇದ್ದರೆ ಟ್ರೇಲರಿನ ಒಟ್ಟು ತೂಕ 1400. ಅದರಲ್ಲಿ 160 ಎಂದರೆ ಶೇ. 11ಕ್ಕಿಂತ ಸ್ವಲ್ಪ ಹೆಚ್ಚು. ಇದು ಸರಿಯಾದ ಜಾಗ.

ವೇ ಬ್ರಿಡ್ಜ್ ಹತ್ತಿರವಿಲ್ಲದಿದ್ದರೆ ಮೈತೂಕ ನೋಡುವ ತಕ್ಕಡಿಯೇ ಸಾಕು. 160 ಕೆ.ಜಿ.ಯನ್ನು ನೇರವಾಗಿ ಇಟ್ಟರೆ ಅದು ಒಡೆದೀತು, ಆದ್ದರಿಂದ ಒಂದು ಗಟ್ಟಿ ಮರದ ತೊಲೆ ಬೇಕು. ತೊಲೆಯ ಒಂದು ತುದಿಯ ಕೆಳಗೆ, ತಕ್ಕಡಿಯಷ್ಟೇ ಎತ್ತರದ ಮರದ ತುಂಡು ಇಡಿ. ಇನ್ನೊಂದು ತುದಿ ತಕ್ಕಡಿಯ ಮೇಲಿರಲಿ. ಎರಡು ಆಸರೆಗಳ ನಡುವಿನ ದೂರ 90 ಸೆಂ.ಮೀ. ಆಗಿದ್ದು, ಮೂಕಿಯ ತುದಿಯನ್ನು ಮರದ ತುಂಡಿನಿಂದ 30 ಸೆಂ.ಮೀ. ದೂರದಲ್ಲಿ ಇಳಿಸಿದರೆ, ತಕ್ಕಡಿಯ ಮೇಲೆ ಬೀಳುವುದು ಮೂರರಲ್ಲೊಂದು ಪಾಲು ಮಾತ್ರ. ತಕ್ಕಡಿ 53 ತೋರಿಸಿದರೆ ಮೂಕಿಯ ಭಾರ 159. ತೊಲೆಯ ಸ್ವಂತ ಭಾರವನ್ನು ಮೊದಲೇ ನೋಡಿ ಕಳೆದುಕೊಳ್ಳಿ. ಟ್ರೇಲರ್ ಸಮತಟ್ಟಾಗಿರಲಿ, ಚಕ್ರಗಳಿಗೆ ಎರಡೂ ಕಡೆ ಅಡ್ಡ ಕೊಟ್ಟಿರಲಿ.

ಇನ್ನು ಕಾರಿನ ಪಾಲು. ಇಷ್ಟು ಟನ್ ಎಳೆಯಬಲ್ಲದು ಎಂಬ ಜಾಹೀರಾತಿನ ಸಂಖ್ಯೆಯೊಂದನ್ನೇ ನೋಡಿ ಟ್ರೇಲರ್ ಕೊಂಡವರು ಸಿಕ್ಕಿಬೀಳುವುದು ಇಲ್ಲಿಯೇ. ಮೂಕಿಯ ಭಾರ ಕಾರು ಹೊರಬಹುದಾದ ಭಾರದೊಳಗೇ ಲೆಕ್ಕಕ್ಕೆ ಬರುತ್ತದೆ. ಕಾರು 500 ಕೆ.ಜಿ. ಹೊರಬಲ್ಲದು ಎನ್ನೋಣ. ನಾಲ್ಕು ಜನ ದೊಡ್ಡವರೆಂದರೆ 300, ಡಿಕ್ಕಿಯ ಸಾಮಾನು 60, ಹಿಚ್ ಮತ್ತು ಅದರ ಸಲಕರಣೆ 20. ಉಳಿದದ್ದು 120. ಮೂಕಿಯ ಭಾರವೋ 160. ಎಳೆಯುವ ಶಕ್ತಿ ಇನ್ನೂ ಧಾರಾಳವಾಗಿದ್ದರೂ ಹಿಂದಿನ ಅಚ್ಚು, ಸ್ಪ್ರಿಂಗು, ಟೈರುಗಳು ಮಿತಿ ದಾಟಿದವು. ಇದಲ್ಲದೆ ಕಾರು-ಟ್ರೇಲರ್ ಎರಡರ ಒಟ್ಟು ತೂಕಕ್ಕೂ, ಒಂದೊಂದು ಅಚ್ಚಿಗೂ ಬೇರೆ ಬೇರೆ ಮಿತಿಗಳಿರುತ್ತವೆ. ಇವುಗಳಲ್ಲಿ ಯಾವುದು ಮೊದಲು ಮುಗಿಯುತ್ತದೋ ಅದೇ ನಿಜವಾದ ಮಿತಿ.

ಮೂಕಿ ಅತಿ ಭಾರವಾದರೆ ಕಾರಿನ ಹಿಂಭಾಗ ಕುಸಿದು ಮುಂಭಾಗ ಏಳುತ್ತದೆ. ಸ್ಟೀರಿಂಗ್ ಹಗುರವಾಗುತ್ತದೆ, ಮುಂದಿನ ಬ್ರೇಕಿನ ಹಿಡಿತ ತಗ್ಗುತ್ತದೆ, ಹೆಡ್‌ಲೈಟು ಎದುರಿನವರ ಕಣ್ಣಿಗೆ ಹೊಡೆಯುತ್ತದೆ. ಕಾರಿನ ಕೈಪಿಡಿ ಒಪ್ಪುವುದಾದರೆ ಭಾರ ಹಂಚುವ ಹಿಚ್ ಇದಕ್ಕೆ ಪರಿಹಾರ. ಅದರ ಸ್ಪ್ರಿಂಗ್ ಸಲಾಕೆಗಳು ಹಿಂದಿನ ಅಚ್ಚಿನ ಭಾರದ ಒಂದಷ್ಟನ್ನು ಮುಂದಿನ ಅಚ್ಚಿಗೂ ಟ್ರೇಲರಿನ ಅಚ್ಚಿಗೂ ತಳ್ಳುತ್ತವೆ. ಮುಂದಿನ ಚಕ್ರದ ಮೇಲಿನ ಕಮಾನು ನೆಲದಿಂದ ಎಷ್ಟು ಎತ್ತರವಿದೆ ಎಂದು ಜೋಡಿಸುವ ಮೊದಲು, ಜೋಡಿಸಿದ ಮೇಲೆ, ಸಲಾಕೆ ಬಿಗಿದ ಮೇಲೆ ಮೂರು ಸಲ ಅಳೆದುಕೊಂಡರೆ ಕೆಲಸ ಆಗಿದೆಯೋ ಇಲ್ಲವೋ ಗೊತ್ತಾಗುತ್ತದೆ. ಆದರೆ ಇದು ಮಿತಿಯನ್ನು ಹೆಚ್ಚಿಸುವ ಸಾಧನವಲ್ಲ, ಹಿಂಭಾರವಾದ ಟ್ರೇಲರನ್ನು ಸರಿಮಾಡುವ ಸಾಧನವೂ ಅಲ್ಲ.

ಜೋಡಣೆ

ಹಿಚ್ ಬಾಲುಗಳು ನೋಡಲು ಒಂದೇ ಥರ, ಅಳತೆ ಬೇರೆ ಬೇರೆ. ಒಂದೂ ಮುಕ್ಕಾಲು ಇಂಚಿಗಿಂತ ತುಸು ದೊಡ್ಡದಾದ 1-7/8 ಇಂಚು, 2 ಇಂಚು, 2-5/16 ಇಂಚು, ಯೂರೋಪಿನಲ್ಲಿ 50 ಮಿ.ಮೀ. ಮೂಕಿಯ ತುದಿಯಲ್ಲಿ ಬಾಲನ್ನು ಕವಿದು ಹಿಡಿಯುವ ಭಾಗವೇ ಕಪ್ಲರ್. 2 ಇಂಚಿನ ಕಪ್ಲರ್ 1-7/8 ಇಂಚಿನ ಬಾಲಿನ ಮೇಲೂ ಕೂರುತ್ತದೆ, ಲಾಕು ಕೂಡ ಬೀಳುತ್ತದೆ. ಮೊದಲ ದೊಡ್ಡ ಗುಂಡಿಯಲ್ಲಿ ಮೂಕಿ ಎದ್ದು ಕಳಚಿಕೊಳ್ಳುತ್ತದೆ. ಬಾಲಿನ ತಲೆಯ ಮೇಲೆ, ಕಪ್ಲರಿನ ಮೇಲೆ ಅಚ್ಚಾಗಿರುವ ಸಂಖ್ಯೆಗಳನ್ನು ಓದಿ ಹೊಂದಿಸಿ.

ಕಪ್ಲರ್ ಕೂರಿಸಿ ಲಾಕ್ ಹಾಕಿ ಪಿನ್ ಸಿಕ್ಕಿಸಿದ ಮೇಲೆ ಒಂದು ಪರೀಕ್ಷೆ ತಪ್ಪಿಸಬೇಡಿ. ಮೂಕಿಯ ಜಾಕನ್ನು ತಿರುಗಿಸಿ, ಕಾರಿನ ಹಿಂಭಾಗ ಎರಡು ಮೂರು ಸೆಂಟಿಮೀಟರ್ ಮೇಲೇಳುವಷ್ಟು ಎತ್ತಿ. ಕಪ್ಲರ್ ನಿಜವಾಗಿ ಹಿಡಿದಿದ್ದರೆ ಕಾರೂ ಜೊತೆಗೆ ಏಳುತ್ತದೆ. ಬಾಲಿನ ಮೇಲೆ ಸುಮ್ಮನೆ ಕೂತಿದ್ದರೆ ಕಪ್ಲರ್ ಮಾತ್ರ ಮೇಲೆ ಬರುತ್ತದೆ. ಅರ್ಧ ನಿಮಿಷದ ಕೆಲಸ, ಆದರೆ ದಾರಿಯಲ್ಲಿ ಕಳಚಿಹೋಗಬಹುದಾದ ಟ್ರೇಲರ್ ನಿಂತಲ್ಲೇ ಗೊತ್ತಾಗುತ್ತದೆ. ಬಾಲಿಗೆ ತೆಳ್ಳಗೆ ಗ್ರೀಸ್ ಹಚ್ಚುವುದು ವಾಡಿಕೆ. ಉಜ್ಜುವಿಕೆಯಿಂದ ಓಲಾಟ ತಡೆಯುವ ಸ್ಟೆಬಿಲೈಸರ್ ಕಪ್ಲರ್ ಇದ್ದರೆ ಮಾತ್ರ ಗ್ರೀಸ್ ಹಚ್ಚಬಾರದು. ಬಾಲು ಒಣಗಿ ಸ್ವಚ್ಛವಾಗಿರಬೇಕು, ಇಲ್ಲವಾದರೆ ಹಿಡಿಯಲು ಏನೂ ಇರುವುದಿಲ್ಲ.

ಸೇಫ್ಟಿ ಚೈನುಗಳನ್ನು ಮೂಕಿಯ ಕೆಳಗೆ ಒಂದರ ಮೇಲೊಂದು ಅಡ್ಡಹಾಯುವಂತೆ ಹಾಕುವುದಕ್ಕೆ ಕಾರಣವಿದೆ. ಕಪ್ಲರ್ ಕಳಚಿದರೆ ಮೂಕಿ ರಸ್ತೆಗೆ ಕುಟ್ಟಿಕೊಳ್ಳದೆ ಆ ಜೋಳಿಗೆಯಲ್ಲಿ ಬೀಳುತ್ತದೆ. ತಿರುವಿನಲ್ಲಿ ಬಿಗಿಯಾಗದಷ್ಟು ಸಡಿಲವಿರಲಿ, ನೆಲಕ್ಕೆ ಉಜ್ಜುವಷ್ಟು ಬೇಡ. ಬ್ರೇಕ್‌ಅವೇ ತಂತಿಯನ್ನು ಚೈನಿಗೆ ಕಟ್ಟದೆ ಕಾರಿನ ಗಟ್ಟಿ ಭಾಗಕ್ಕೆ ಪ್ರತ್ಯೇಕವಾಗಿ ಸಿಕ್ಕಿಸಿ. ಟ್ರೇಲರ್ ಪೂರ್ತಿ ಬೇರ್ಪಟ್ಟಾಗ ಅದರ ಬ್ರೇಕನ್ನು ತಾನಾಗಿ ಹಿಡಿಸುವ ತಂತಿ ಅದು. ವಿದ್ಯುತ್ ಬ್ರೇಕಿನ ಟ್ರೇಲರಿನಲ್ಲಿ ಅದಕ್ಕೊಂದು ಪುಟ್ಟ 12 ವೋಲ್ಟ್ ಬ್ಯಾಟರಿ ಇರುತ್ತದೆ. ವರ್ಷಗಟ್ಟಲೆ ಯಾರೂ ಅದನ್ನು ನೋಡಿರುವುದಿಲ್ಲ. ಪ್ಲಗ್ ಕಳಚಿ, ಬ್ರೇಕ್‌ಅವೇ ತಂತಿಯ ಪಿನ್ ಎಳೆದು, ಚಕ್ರಗಳು ಬಿಗಿಹಿಡಿಯುತ್ತವೆಯೇ ಎಂದು ನೋಡಿ, ತಕ್ಷಣ ಪಿನ್ ವಾಪಸ್ ಹಾಕಿ.

ಎಲ್ಲ ಜೋಡಿಸಿದ ಮೇಲೆ ಪಕ್ಕದಿಂದ ನೋಡಿದರೆ ಟ್ರೇಲರ್ ಸಮತಟ್ಟಾಗಿ ಅಥವಾ ಮೂತಿ ಒಂದಿಷ್ಟು ತಗ್ಗಿಸಿ ನಿಂತಿರಬೇಕು. ಮೂತಿ ಎತ್ತಿದ್ದರೆ ಭಾರ ಹಿಂದಕ್ಕೆ ಸರಿದಿದೆ ಎಂದರ್ಥ. ಹಿಚ್ಚಿನ ಎತ್ತರ ಬದಲಿಸಿ.

ದೀಪಗಳಲ್ಲಿ ಬರುವ ತೊಂದರೆ ಬಹುಪಾಲು ಅರ್ತಿಂಗಿನದು. ಇಂಡಿಕೇಟರ್ ಹಾಕಿದರೆ ಹಿಂದಿನ ದೀಪಗಳೆಲ್ಲ ಮಿನುಗುವುದು, ಬ್ರೇಕ್ ಒತ್ತಿದರೆ ಬೆಳಕು ಮಂಕಾಗುವುದು ಇದರ ಗುರುತು. ಅರ್ತ್ ತಂತಿ ಚಾಸಿಗೆ ಸೇರುವ ಜಾಗದ ತುಕ್ಕು, ಬಣ್ಣ ಕೆರೆದು ಮತ್ತೆ ಬಿಗಿದರೆ ಹೆಚ್ಚಿನ ಸಲ ಸರಿಹೋಗುತ್ತದೆ.

ಬ್ರೇಕು, ಟೈರು, ಬೇರಿಂಗು

ವಿದ್ಯುತ್ ಬ್ರೇಕಿಗೆ ಕಾರಿನೊಳಗೆ ಒಂದು ಕಂಟ್ರೋಲರ್ ಇರುತ್ತದೆ. ಅದರ ಬಲವನ್ನು ಹೊಂದಿಸುವುದು ಸಾಮಾನು ತುಂಬಿದ ಮೇಲೆ, ಖಾಲಿ ಇದ್ದಾಗಲ್ಲ. ವಾಹನ ಸಂಚಾರವಿಲ್ಲದ ಒಣ, ಸಮತಟ್ಟು ಜಾಗದಲ್ಲಿ 40 ಕಿ.ಮೀ. ವೇಗದಲ್ಲಿ ಹೋಗುತ್ತಾ, ಕಾರಿನ ಬ್ರೇಕ್ ಮುಟ್ಟದೆ ಕಂಟ್ರೋಲರಿನ ಕೈಲಿವರನ್ನು ಮಾತ್ರ ಪೂರ್ತಿ ಒತ್ತಿ. ಟ್ರೇಲರಿನ ಚಕ್ರಗಳು ಸಿಕ್ಕಿಕೊಂಡು ಜಾರುವ ತನಕ ಬಲ ಏರಿಸುತ್ತಾ ಹೋಗಿ, ಆಮೇಲೆ ಅದಕ್ಕಿಂತ ತುಸು ಕೆಳಗೆ ಇಳಿಸಿ ಬಿಡಿ. ಮಳೆ ಬಂದಾಗ, ಜಲ್ಲಿ ರಸ್ತೆಯಲ್ಲಿ ಇನ್ನಷ್ಟು ಇಳಿಸಬೇಕು, ಏಕೆಂದರೆ ಸಿಕ್ಕಿಕೊಂಡ ಚಕ್ರಕ್ಕೆ ಪಕ್ಕಕ್ಕೆ ಜಾರದಂತೆ ತಡೆಯುವ ಶಕ್ತಿಯೇ ಇರುವುದಿಲ್ಲ.

ದೂರದ ಪ್ರಯಾಣ ಹಾಳುಮಾಡುವುದರಲ್ಲಿ ಟೈರಿನದೇ ದೊಡ್ಡ ಪಾಲು. ಟ್ರೇಲರ್ ಟೈರು ಸವೆದು ಸಾಯುವುದು ಅಪರೂಪ. ಅದು ನಿಂತಲ್ಲೇ ಬಿಸಿಲಿಗೆ ಒಣಗಿ ಸಾಯುತ್ತದೆ. ಗೀರುಗಳು ಹೊಸದರಂತಿದ್ದರೂ ಪಕ್ಕೆಯಲ್ಲಿ ಕೂದಲೆಳೆಯ ಬಿರುಕು ಬಂದಿದ್ದರೆ ನಂಬಬೇಡಿ. ಪಕ್ಕೆಯ ಮೇಲಿನ ನಾಲ್ಕು ಅಂಕಿಯ ಮುದ್ರೆ ಓದಿ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಐದಾರು ವರ್ಷ ದಾಟಿದ್ದನ್ನು ಉದ್ದದ ದಾರಿಗೆ ಒಯ್ಯದಿರುವುದೇ ಕ್ಷೇಮ. ಅದೇ ಪಕ್ಕೆಯಲ್ಲಿ, ಟೈರಿನ ಅಳತೆಯ ಮುಂದೆ ಭಾರದ ಸೂಚ್ಯಂಕವಿರುತ್ತದೆ. 95 ಎಂದರೆ ಆ ಟೈರು 690 ಕೆ.ಜಿ. ಹೊರಬಲ್ಲದು. ಮೇಲಿನ ಉದಾಹರಣೆಯಲ್ಲಿ ಎರಡು ಚಕ್ರಗಳ ಮೇಲೆ 1240 ಕೆ.ಜಿ. ಇತ್ತು, ಅಂದರೆ ತಲಾ 620. ಸಾಕಾಯಿತಲ್ಲ ಎನ್ನಿಸಬಹುದು. ಆದರೆ ಸಾಮಾನು ಒಂದು ಕಡೆಗೆ ವಾಲಿ ಒಂದು ಚಕ್ರಕ್ಕೆ 700 ಬಿದ್ದರೆ ಆಗಲೇ ಮಿತಿ ದಾಟಿತು. ಎಡಬಲ ಸಮವಾಗಿ ತುಂಬುವುದಕ್ಕೆ, ಶೇ. 15-20ರಷ್ಟು ಹೆಚ್ಚು ಹೊರುವ ಟೈರು ಹಾಕುವುದಕ್ಕೆ ಕಾರಣ ಇದೇ. ಸೂಚ್ಯಂಕದ ಪಕ್ಕದ ಅಕ್ಷರ ವೇಗದ ಮಿತಿ. ಜೆ ಎಂದರೆ 100 ಕಿ.ಮೀ., ಎಲ್ ಎಂದರೆ 120.

ಗಾಳಿಯನ್ನು ಟೈರು ತಣ್ಣಗಿರುವಾಗ, ಹೊರಡುವ ಮುಂಚೆ ನೋಡಿ. ಗಾಳಿ ಕಡಿಮೆಯಾದರೆ ಪಕ್ಕೆ ಪ್ರತಿ ಸುತ್ತಿಗೂ ಹೆಚ್ಚು ಮಡಚಿಕೊಳ್ಳುತ್ತದೆ, ಆ ಮಡಚಾಟವೇ ಶಾಖವಾಗಿ ಕೊನೆಗೆ ಟೈರು ಸಿಡಿಯುತ್ತದೆ. ದಾರಿಯಲ್ಲಿ ಬಿಸಿಯಾದಾಗ ಒತ್ತಡ ಏರಿರುವುದು ಸಹಜ, ಆಗ ಗಾಳಿ ಬಿಡಬಾರದು. ಎರಡು ಅಚ್ಚಿನ ಟ್ರೇಲರಿನಲ್ಲಿ ಒಂದು ಟೈರು ಸಿಡಿದರೆ ಅದೇ ಪಕ್ಕದ ಇನ್ನೊಂದನ್ನೂ ಪರೀಕ್ಷಿಸಿ. ಸ್ವಲ್ಪ ದೂರವಾದರೂ ಅದು ಇಬ್ಬರ ಭಾರ ಹೊತ್ತಿರುತ್ತದೆ. ವೀಲ್ ನಟ್ಟುಗಳನ್ನು ಟಾರ್ಕ್ ರೆಂಚಿನಿಂದ, ಎದುರುಬದುರಾಗಿ ಬಿಗಿಯಬೇಕು. ಚಕ್ರ ಬಿಚ್ಚಿ ಹಾಕಿದ್ದರೆ 80 ಕಿ.ಮೀ. ಓಡಿದ ಮೇಲೆ ಮತ್ತೊಮ್ಮೆ ಬಿಗಿದು ನೋಡಿ, ಒಂದಷ್ಟು ಸಡಿಲವಾಗಿಯೇ ಇರುತ್ತವೆ.

ಬೇರಿಂಗಿಗೆ ವರ್ಷಕ್ಕೊಮ್ಮೆ ಅಥವಾ ಸುಮಾರು 20,000 ಕಿ.ಮೀ.ಗೊಮ್ಮೆ ಹೊಸ ಗ್ರೀಸ್ ತುಂಬುವುದು ರೂಢಿ. ಚಕ್ರವನ್ನು ಜಾಕಿನಿಂದ ಎತ್ತಿ ಮೇಲೆ ಕೆಳಗೆ ಹಿಡಿದು ಅಲ್ಲಾಡಿಸಿ, ಕಟಕಟ ಎಂದರೆ ಸಡಿಲವಾಗಿದೆ. ತಿರುಗಿಸಿದಾಗ ಗರಗರ ಸದ್ದು ಬಂದರೆ ಬೇರಿಂಗ್ ಹೋಗಿದೆ. ದೋಣಿ ಒಯ್ಯುವ ಟ್ರೇಲರಿಗೆ ಇನ್ನೂ ಹೆಚ್ಚಿನ ನಿಗಾ ಬೇಕು. ಓಡಿ ಬಿಸಿಯಾದ ಹಬ್ (ಬೇರಿಂಗ್ ಕೂತಿರುವ ಚಕ್ರದ ನಡುಭಾಗ) ಅನ್ನು ತಣ್ಣೀರಿಗೆ ಇಳಿಸಿದಾಗ ಒಳಗಿನ ಗಾಳಿ ಕುಗ್ಗಿ, ಸೀಲಿನ ಸಂದಿಯಿಂದ ನೀರನ್ನು ಹೀರಿಕೊಳ್ಳುತ್ತದೆ.

ರಸ್ತೆಯಲ್ಲಿ

ಹೊರಟ 30-40 ಕಿ.ಮೀ.ಗೆ ಒಮ್ಮೆ ನಿಲ್ಲಿಸಿ, ಕಟ್ಟಿದ ಪಟ್ಟಿಗಳನ್ನು ಬಿಗಿಯಿರಿ. ಸಾಮಾನು ಕುಳಿತುಕೊಂಡು ಪಟ್ಟಿ ಸಡಿಲಾಗಿರುತ್ತದೆ. ಆಮೇಲೆ ಪ್ರತಿ ನಿಲುಗಡೆಯಲ್ಲಿ ಒಂದು ಸುತ್ತು. ಹಬ್ಬುಗಳ ಹತ್ತಿರ ಅಂಗೈ ಒಯ್ದು, ಸುಡುತ್ತಿಲ್ಲವೆಂದು ಖಾತ್ರಿಯಾದ ಮೇಲೆ ಮುಟ್ಟಿ ನೋಡಿ. ಎಲ್ಲವೂ ಬೆಚ್ಚಗಿರುವುದು ಸರಿ. ಒಂದು ಮಾತ್ರ ಉಳಿದವುಗಳಿಗಿಂತ ಬಹಳ ಬಿಸಿಯಿದ್ದರೆ ಅಲ್ಲಿ ಬೇರಿಂಗೋ ಬಿಡದ ಬ್ರೇಕೋ ಇದೆ, ಮುಂದೆ ಹೋಗಬೇಡಿ.

ವೇಗ ಕಡಿಮೆ ಇರಲಿ ಎಂಬುದು ಬರೀ ಬುದ್ಧಿಮಾತಲ್ಲ. 80ರಿಂದ 100ಕ್ಕೆ ಏರಿದರೆ ಬ್ರೇಕು ನುಂಗಬೇಕಾದ ಶಕ್ತಿ ಶೇ. 56ರಷ್ಟು ಹೆಚ್ಚುತ್ತದೆ, ಜೊತೆಗೆ ಓಲಾಟದ ಗಡಿಗೂ ಅಷ್ಟೇ ಹತ್ತಿರವಾಗುತ್ತೀರಿ. ಮುಂದಿನ ವಾಹನಕ್ಕೂ ನಿಮಗೂ ಐದು ಸೆಕೆಂಡಿನ ಅಂತರವಿರಲಿ.

ಓಲಾಟ ಶುರುವಾಯಿತು ಎನ್ನೋಣ. ಆಕ್ಸಿಲರೇಟರಿನಿಂದ ಕಾಲು ತೆಗೆಯಿರಿ. ಸ್ಟೀರಿಂಗನ್ನು ನೇರವಾಗಿ, ಗಟ್ಟಿಯಾಗಿ ಹಿಡಿಯಿರಿ. ಕಂಟ್ರೋಲರ್ ಇದ್ದರೆ ಟ್ರೇಲರಿನ ಬ್ರೇಕನ್ನು ಮಾತ್ರ ಕೈಯಿಂದ ಮೆಲ್ಲಗೆ ಒತ್ತಿ, ಅದು ಟ್ರೇಲರನ್ನು ಹಿಂದಿನಿಂದ ಎಳೆದು ನೇರ ಮಾಡುತ್ತದೆ. ಕಾರಿನ ಬ್ರೇಕನ್ನು ಜೋರಾಗಿ ಒತ್ತಿದರೆ ಕಾರು ನಿಧಾನವಾಗಿ, ಟ್ರೇಲರ್ ಹಿಂದಿನಿಂದ ತಳ್ಳಿ ಮಡಚಿಕೊಳ್ಳುತ್ತದೆ. ಓಲಾಟಕ್ಕೆ ಎದುರಾಗಿ ಸ್ಟೀರಿಂಗ್ ತಿರುಗಿಸುವ ಆಸೆಯನ್ನು ತಡೆಯುವುದೇ ಕಷ್ಟದ ಕೆಲಸ. ಒಂದು ಓಲಾಟ ಮುಗಿಯಲು ಒಂದೂವರೆ ಎರಡು ಸೆಕೆಂಡು ಸಾಕು. ಕಣ್ಣು ನೋಡಿ ಕೈ ತಿರುಗುವಷ್ಟರಲ್ಲಿ ಟ್ರೇಲರ್ ಆಗಲೇ ವಾಪಸ್ ಹೊರಟಿರುತ್ತದೆ. ನಿಮ್ಮ ತಿದ್ದುಪಡಿ ಅದಕ್ಕೆ ಜೋಕಾಲಿ ತಳ್ಳಿದಂತಾಗುತ್ತದೆ. ವೇಗ ಹೆಚ್ಚಿಸಿ ಎಳೆದು ನೇರ ಮಾಡುವ ಸಲಹೆಯೂ ಅಪಾಯದ್ದು. ಅಡಗಿದ ಮೇಲೆ ನಿಲ್ಲಿಸಿ ಕಾರಣ ಹುಡುಕಿ: ಹಿಂಭಾರ, ಗಾಳಿ ಇಳಿದ ಟೈರು, ಎತ್ತಿದ ಮೂತಿ. ಹೊಸ ಕಾರುಗಳಲ್ಲಿ ಒಂದೊಂದೇ ಚಕ್ರದ ಬ್ರೇಕ್ ಹಿಡಿದು ಓಲಾಟ ಅಡಗಿಸುವ ವ್ಯವಸ್ಥೆ ಇರುತ್ತದೆ. ಅದು ನಿಜಕ್ಕೂ ನೆರವಾಗುತ್ತದೆ, ಆದರೆ ತಪ್ಪಾಗಿ ತುಂಬಿದ್ದನ್ನು ಸರಿಯಾಗಿ ತುಂಬಲಾರದು.

ಇಳಿಜಾರಿನ ಲೆಕ್ಕ ನೋಡಿ. ಒಟ್ಟು 3500 ಕೆ.ಜಿ.ಯ ಜೋಡಿ 500 ಮೀಟರ್ ಎತ್ತರದಿಂದ ಇಳಿಯುವಾಗ ಬಿಡುಗಡೆಯಾಗುವ ಶಕ್ತಿಯಿಂದ ಸುಮಾರು 50 ಲೀಟರ್ ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ಅದರಲ್ಲಿ ಎಂಜಿನ್ ತಡೆಯದೆ ಉಳಿದದ್ದೆಲ್ಲ ಹೋಗುವುದು ಬ್ರೇಕಿಗೇ. ಬ್ರೇಕ್ ಆಯಿಲ್ ಕುದಿದರೆ ಪೆಡಲ್ ಮೆತ್ತಗಾಗಿ ನೆಲ ಮುಟ್ಟುತ್ತದೆ. ಆದ್ದರಿಂದ ಇಳಿಯುವ ಮೊದಲೇ, ಮೇಲೆಯೇ, ಕೆಳಗಿನ ಗೇರಿಗೆ ಬನ್ನಿ. ವೇಗ ಏರಿದಾಗ ಬ್ರೇಕನ್ನು ಗಟ್ಟಿಯಾಗಿ ಒತ್ತಿ 10 ಕಿ.ಮೀ.ಯಷ್ಟು ಇಳಿಸಿ ಪೂರ್ತಿ ಬಿಡಿ. ಉದ್ದಕ್ಕೂ ಮೆಲ್ಲಗೆ ಒತ್ತಿಹಿಡಿದರೆ ಬ್ರೇಕಿಗೆ ಆರಲು ಬಿಡುವೇ ಸಿಗುವುದಿಲ್ಲ. ಸುಟ್ಟ ವಾಸನೆ ಬಂದರೆ ನಿಲ್ಲಿಸಿ, ಆರಲು ಬಿಡಿ. ಬಿಸಿಯ ಮೇಲೆ ನೀರು ಹಾಕಬೇಡಿ, ಡ್ರಮ್ಮು-ಡಿಸ್ಕು ಬಿರಿಯುತ್ತದೆ. ಏರುವಾಗ ಎಂಜಿನ್ ಶಾಖದ ಮುಳ್ಳು ಮೇಲೇರಿದರೆ ಎ.ಸಿ. ಆರಿಸಿ, ಹೀಟರ್ ಪೂರ್ತಿ ಹಾಕಿ. ಸೆಖೆಯಾದರೂ ರೇಡಿಯೇಟರಿಗೆ ನೆರವಾಗುತ್ತದೆ.

ತಿರುವಿನಲ್ಲಿ ಟ್ರೇಲರ್ ಒಳಗಡೆಗೆ ಕತ್ತರಿಸಿಕೊಂಡು ಬರುತ್ತದೆ, ಕಾರನ್ನು ಹೊರಗಿಟ್ಟು ತಿರುಗಿ. ಹಿಂದಕ್ಕೆ ತೆಗೆಯುವಾಗ ಸ್ಟೀರಿಂಗಿನ ತಳಭಾಗವನ್ನು ಒಂದೇ ಕೈಯಿಂದ ಹಿಡಿಯಿರಿ. ಕೈ ಯಾವ ಕಡೆ ಹೋಗುತ್ತದೋ ಟ್ರೇಲರಿನ ಹಿಂಭಾಗವೂ ಅದೇ ಕಡೆ ಹೋಗುತ್ತದೆ. ಗಿಡ್ಡ ಟ್ರೇಲರ್ ಬೇಗ ಮಡಚಿಕೊಳ್ಳುತ್ತದೆ. ಮಡಚತೊಡಗಿದರೆ ಹಿಂದಕ್ಕೆ ಸರಿಪಡಿಸಲು ಹೋಗದೆ ಮುಂದಕ್ಕೆ ಎಳೆದು ನೇರ ಮಾಡಿಕೊಂಡು ಮತ್ತೆ ಶುರುಮಾಡಿ. ಕಾಣದಿದ್ದರೆ ಇಳಿದು ನೋಡಿ.

ತಂಗುವ ಜಾಗ ಸೇರಿ ಟ್ರೇಲರ್ ಕಳಚುವಾಗ ಮೊದಲ ಕೆಲಸ ಚಕ್ರಗಳ ಮುಂದೆ ಹಿಂದೆ ಅಡ್ಡ ಕೊಡುವುದು. ಆಮೇಲೆ ಜಾಕ್ ಇಳಿಸಿ ಭಾರ ಹೊರಿಸಿ, ಪ್ಲಗ್, ಬ್ರೇಕ್‌ಅವೇ ತಂತಿ, ಲಾಕು ಬಿಡಿಸಿ ಕಪ್ಲರನ್ನು ಬಾಲಿನಿಂದ ಎತ್ತಿ. ಚೈನುಗಳನ್ನು ಬಿಚ್ಚುವುದು ಕಟ್ಟಕಡೆಗೆ. ಕಪ್ಲರ್ ಮೇಲೆದ್ದ ಕ್ಷಣದಲ್ಲಿ ಟ್ರೇಲರ್ ಉರುಳಲು ನೋಡಿದರೆ ಅದನ್ನು ಹಿಡಿದುಕೊಳ್ಳಲು ಉಳಿದಿರುವುದು ಅವು ಮಾತ್ರ.